ಕತ್ತರಿಸಿದ ಇಪ್ಪತ್ತು ಸೆಕೆಂಡು

“ಅತ್ತೆ, ನನ್ನ ಕೈಕಾಲು ಆಡ್ತಾ ಇಲ್ಲ. ಬಾಟಲಿ ಬಾಯಿಗೆ ಸಿಕ್ಕಿಸೋ ಬಲೂನ್ ಸಿಗದಿದ್ರೆ ಪ್ರಯೋಗ ಮಾಡ್ಬೇಡಿ, ಬಾಟಲಿಗೆ ಮುಚ್ಚಳ ಹಾಕ್ಬೇಡಿ, ಗಾಜಿನ ಬಾಟಲಿ ಮುಟ್ಟಲೇಬೇಡಿ ಅಂತ ಹೇಳಿದ್ನಲ್ಲ, ಆ ಇಪ್ಪತ್ತು ಸೆಕೆಂಡಿನ ಮಾತೇ ವಿಡಿಯೋದಲ್ಲಿಲ್ಲ. ನಾನೇ ತೆಗೆದುಹಾಕಿದೀನಿ. ನಿನ್ನೆ ಸಂಜೇನೇ ಮಕ್ಕಳಿಗೆಲ್ಲ ಕಳಿಸ್ಬಿಟ್ಟೆ. ಅಡುಗೆ ಸೋಡಾ, ವಿನೆಗರ್ ಯಾರ ಮನೇಲಿರಲ್ಲ ಹೇಳಿ? ಬಲೂನ್ ಮಾತ್ರ ಎಲ್ಲರ ಮನೇಲೂ ಇರಲ್ಲ. ಇಲ್ದವರು ಏನ್ಮಾಡ್ತಾರೆ? ಮುಚ್ಚಳ ಹಾಕ್ತಾರೆ. ಆ ವಯಸ್ಸಲ್ಲಿ ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ. ಒಳಗೆ ಗಾಳಿ ತುಂಬಿ ಗಾಜು ಸಿಡಿದ್ರೆ ಕಣ್ಣಿಗೇ ಬರೋದು.”

ಭಾನುವಾರ ಮಧ್ಯಾಹ್ನ ಇಷ್ಟು ಹೇಳಿ ನನ್ನ ಸೊಸೆ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತಳು.

ಅವಳು ಏಳನೇ ತರಗತಿಗೆ ವಿಜ್ಞಾನದ ಟೀಚರ್. ಅವಳ ಕ್ಲಾಸು ತಲೆಕೆಳಗು: ಪಾಠವನ್ನು ಮಕ್ಕಳು ಮನೆಯಲ್ಲಿ ವಿಡಿಯೋದಲ್ಲಿ ನೋಡಬೇಕು, ಶಾಲೆಗೆ ಬಂದು ಕೈಯಾರೆ ಮಾಡಬೇಕು. ತಡೆಯಲಾರದೆ ಮನೆಯಲ್ಲೇ ಮಾಡಿ ನೋಡುವವರೂ ಇರುತ್ತಾರೆ. ಆ ವಿಡಿಯೋಗಳೆಲ್ಲ ತಯಾರಾಗುವುದು ನಮ್ಮ ಅಡುಗೆಕಟ್ಟೆಯ ಮೇಲೆ. ಸಕ್ಕರೆ ಡಬ್ಬಕ್ಕೆ ಫೋನು ಒರಗಿಸಿ, ಸದ್ದಾಗದಂತೆ ಫ್ಯಾನು ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಮಾತಾಡುತ್ತಾಳೆ. ಮುಗಿದ ಮೇಲೆ ಮೊದಲು ತೋರಿಸುವುದು ನನಗೆ. ನಾನು ಓದಿದ್ದು ನಾಲ್ಕನೇ ತರಗತಿ. ನನಗೆ ಅರ್ಥವಾದರೆ ಮಕ್ಕಳಿಗೂ ಆದಂತೆ, ನಾನು ಆಕಳಿಸಿದ ಕಡೆ ಕತ್ತರಿ. ಇದು ನಮ್ಮಿಬ್ಬರ ಕರಾರು.

ಎಚ್ಚರಿಕೆಯ ಆ ಮಾತಿಗೆ ಆಕಳಿಸಿದವಳು ನಾನೇ. ಪಾಠ ಬಿಟ್ಟು ಬೈಯುತ್ತ ಕೂತೆಯಲ್ಲೇ ಎಂದು ಬೇರೆ ಹೇಳಿದ್ದೆ. ಅವಳು ಮಾತ್ರ ನನ್ನತ್ತ ಬೆರಳು ತೋರಿಸಲಿಲ್ಲ.

ವಿಡಿಯೋ ಅಳಿಸಿದಳು. ಮನೆಮನೆಗೂ ಫೋನು ಹಚ್ಚಿದಳು. ಮೂವತ್ತನಾಲ್ಕು ಮಕ್ಕಳು. ಒಂದೊಂದು ಮನೆಯಿಂದ ಕ್ಷೇಮದ ಸುದ್ದಿ ಬಂದ ಹಾಗೆಲ್ಲ ನಾನು ಹಳೇ ಕ್ಯಾಲೆಂಡರಿನ ಹಿಂದೆ ಒಂದೊಂದು ಗೆರೆ ಎಳೆದೆ. ದರ್ಜಿಯ ಹೆಂಡತಿ, ತನ್ನ ಮಗ ವಿಡಿಯೋ ಹಚ್ಚಿದ ಕೂಡಲೇ ನಿದ್ದೆ ಹೋದ ಎಂದು ಬೇಜಾರು ಮಾಡಿಕೊಂಡಳಂತೆ. ಸೊಸೆ ಅವಳಿಗೆ ಎರಡೆರಡು ಸಲ ಥ್ಯಾಂಕ್ಸ್ ಹೇಳಿದಳು. ನಾಲ್ಕು ಗಂಟೆಗೆ ಮೂವತ್ತಮೂರು ಗೆರೆಯಾದವು.

ಉಳಿದವಳು ಯಾಕಮ್ಮ. ಮಾತಿಗೊಮ್ಮೆ ಯಾಕೆ ಎನ್ನುವ ಹುಡುಗಿಗೆ ಶಾಲೆಯೇ ಇಟ್ಟ ಹೆಸರು. ಅವಳ ಮನೆಯ ಫೋನು ಹೊಡೆದುಕೊಂಡೇ ಇತ್ತು, ಎತ್ತುವವರಿಲ್ಲ.

“ಅವಳಾದ್ರೆ ಮಾಡೇ ಮಾಡಿರ್ತಾಳೆ ಅತ್ತೆ.”

ಎರಡು ಬೀದಿ ಆಚೆ, ಇಸ್ತ್ರಿ ಅಂಗಡಿಯ ಮೇಲಿನ ಮನೆ. ನನ್ನ ಮಂಡಿನೋವು ಆ ದಿನ ಎಲ್ಲಿ ಹೋಗಿತ್ತೋ. ಮೆಟ್ಟಿಲೇರುವಾಗ ಸೊಸೆಯ ಕೈ ಹಿಡಿದೆ. ಬಾಗಿಲು ತೆರೆದದ್ದು ತಾಯಿ. ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳು. ಫೋನಿನ ಸದ್ದು ನಿಲ್ಲಿಸಿಟ್ಟಿದ್ದಳು. ಮಗಳು ಅಡುಗೆಮನೆಯಲ್ಲಿ ಏನೋ ಬಾಟಲಿ ಹಿಡಿದುಕೊಂಡಿದ್ದಾಳೆ ಎಂದಳು.

ಹುಡುಗಿ ಕಟ್ಟೆಗೆ ಗಲ್ಲ ಊರಿ ನಿಂತಿದ್ದಳು. ಮೂಗಿನಿಂದ ಗೇಣು ದೂರದಲ್ಲಿ ಗಾಜಿನ ಬಾಟಲಿ, ಬಾಯಿಗೆ ಬಿಗಿದ ಮುಚ್ಚಳ.

“ಮಿಸ್, ಮುಚ್ಚಳ ಹಾಕಿದ್ಮೇಲೆ ಗುಳ್ಳೆ ಕಮ್ಮಿ ಆಯ್ತು. ಯಾಕೆ?”

“ತಲೆ ತಗ್ಗಿಸು ಪುಟ್ಟಿ. ಹಾಗೇ ಹಿಂದೆ ಬಾ. ಅದನ್ನ ಮುಟ್ಬೇಡ,” ಎಂದಳು ಸೊಸೆ, ಹಾಜರಿ ಕರೆಯುವಷ್ಟು ಸಹಜವಾಗಿ.

“ಯಾಕೆ?”

“ಹೊರಗೆ ಹೇಳ್ತೀನಿ.”

ಅಲ್ಲೇ ನಿಂತು ವಾದ ಮಾಡುತ್ತಾಳೇನೋ ಅಂದುಕೊಂಡೆ. ಬಂದಳು. ಸೊಸೆ ಅಡುಗೆಮನೆಯ ಬಾಗಿಲು ಎಳೆದುಕೊಂಡು, ನಮ್ಮನ್ನೆಲ್ಲ ಮೆಟ್ಟಿಲಿನವರೆಗೆ ತಳ್ಳಿಕೊಂಡು ಬಂದಳು. ಅಲ್ಲಿ ನಾಲ್ವರೂ ನಿಂತೆವು. ಕೆಳಗೆ ಇಸ್ತ್ರಿಯವನು ಯಾರೊಡನೆಯೋ ನಗುತ್ತಿದ್ದ.

ಆಗ ಒಳಗೆ ಸಿಡಿಯಿತು.

ನರ್ಸು ಮಗಳ ಮುಖ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು, ಮತ್ತೆ ನೋಡಿದಳು. ಏನೂ ಆಗಿರಲಿಲ್ಲ. ಒಳಗೆ ಹೋದರೆ ಮರದ ಕಪಾಟಿಗೆ ಬೆರಳುದ್ದದ ಗಾಜು ನೆಟ್ಟಿತ್ತು, ಸರಿಯಾಗಿ ಹುಡುಗಿಯ ಎತ್ತರಕ್ಕೆ.

ಸೊಸೆ ಒಂದೂ ಮುಚ್ಚಿಡದೆ ಹೇಳಿದಳು. ಆಕಳಿಸಿದ್ದು ನಾನು ಎಂದು ನಾನೂ ಹೇಳಿದೆ. ನರ್ಸು ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ.

“ನಾಳೆ ನಾನು ಶಾಲೆಗೆ ಬರ್ತೀನಿ. ಹೆಡ್ ಮೇಡಂ ಮುಂದೆ ಇದನ್ನೇ ಹೇಳ್ತೀರಾ?”

“ಹೇಳ್ತೀನಿ,” ಎಂದಳು ಸೊಸೆ. ಕೆಲಸ ಉಳಿಯುತ್ತದೋ ಇಲ್ಲವೋ ಯಾರಿಗೆ ಗೊತ್ತು.

ನರ್ಸು ಮೂಲೆಯಿಂದ ಪೊರಕೆ ತಂದು ಕೊಟ್ಟಳು. ಸೊಸೆ ಗೋಡೆಯಂಚಿನಿಂದ ಗುಡಿಸುತ್ತ ಬಂದಳು, ನಾನು ಒದ್ದೆ ಬಟ್ಟೆಯಲ್ಲಿ ಹಿಂದೆಯೇ ಒರೆಸಿದೆ.