ಎಳೆದುಕೊಂಡ ಒಂದು ಉಸಿರು

ಜೀವಕೋಶದ ಒಳಗಿನ ಭಾಗಗಳು ಹೊಳೆದು ಕಾಣುವಂತೆ ಮಾಡುವ ಬಣ್ಣಗಳನ್ನು ತಯಾರಿಸುವುದರಲ್ಲೇ ನಮ್ಮ ಕೆಮಿಸ್ಟ್ರಿ ಪ್ರೊಫೆಸರ್ ಅರ್ಧ ಆಯುಷ್ಯ ಕಳೆದಿದ್ದರು. ತೊಂಬತ್ತರ ದಶಕದಲ್ಲಿ ಪೀಣ್ಯದಲ್ಲೊಂದು ಶೆಡ್ ಬಾಡಿಗೆಗೆ ಹಿಡಿದು, ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆಸಿ, ಮೈಕ್ರೋಸ್ಕೋಪ್ ಇಟ್ಟರು. ನಾನು ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆ. ಆಗ ನನಗೆ ಐದನೇ ತಿಂಗಳು.

ಬಣ್ಣ ಹೊಳೆಯಬೇಕಾದರೆ ತೀರಾ ಪ್ರಖರವಾದ ಬೆಳಕು ಬೇಕು. ಅದನ್ನು ಕೊಡುತ್ತಿದ್ದದ್ದು ಪಾದರಸವಿರುವ ಒಂದು ಪುಟ್ಟ ಗಾಜಿನ ದೀಪ. ಒಮ್ಮೆ ಆರಿದರೆ ಪೂರ್ತಿ ತಣ್ಣಗಾಗುವವರೆಗೆ ಮತ್ತೆ ಹೊತ್ತಿಸಬಾರದು, ಸಿಡಿಯಬಹುದು. ಪೀಣ್ಯದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು, ಹಾಗೆಯೇ ಬರುತ್ತಿತ್ತು. ಅದಕ್ಕೇ, ಹೋದ ಕೂಡಲೇ ದೀಪದ ಸ್ವಿಚ್ ಆರಿಸಿಬಿಡುತ್ತಿದ್ದೆವು.

ಒಂದು ದಿನ ಕರೆಂಟು ಹೋದಾಗ ಪ್ರೊಫೆಸರೇ ಕತ್ತಲಲ್ಲಿ ಗೋಡೆ ತಡವಿ ಸ್ವಿಚ್ ಆರಿಸಿದರು.

"ಕೂತ್ಕೊಳಮ್ಮಾ. ನಿನ್ ಮಗು ಹುಟ್ಲಿ, ಇಲ್ಲಿಗೇ ಸೇರಿಸ್ಕೊಳ್ಳೋಣ. ನಿನಗಿಂತ ಚೆನ್ನಾಗಿ ಫೋಕಸ್ ಮಾಡುತ್ತೆ," ಎಂದು ರೇಗಿಸಿದರು.

ನಕ್ಕೆ. ಅಷ್ಟರಲ್ಲಿ ಕರೆಂಟು ಬಂತು. ಪಕ್ಕದ ಶೆಡ್ಡಿನ ಲೇತ್ ಗರ್ರೆಂದಿತು, ನಮ್ಮ ಫ್ಯಾನ್ ಮಾತ್ರ ತಿರುಗಲಿಲ್ಲ. ಅವರು ಆರಿಸಿದ್ದು ಫ್ಯಾನಿನ ಸ್ವಿಚ್ ಎಂದು ನನಗೆ ಗೊತ್ತಾಗುವ ಹೊತ್ತಿಗೆ ದೀಪ ಢಂ ಎಂದು ಸಿಡಿದಿತ್ತು.

ಲೋಹದ ಪೆಟ್ಟಿಗೆಯೊಳಗೆ ಸಿಡಿದದ್ದರಿಂದ ಗಾಜು ಯಾರಿಗೂ ತಾಗಲಿಲ್ಲ. ಆದರೆ ಪಾದರಸದ ಆವಿ ಹೊರಬರಲು ಪೆಟ್ಟಿಗೆಯ ಸಂದುಗಳೇ ಸಾಕು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಹೊಟ್ಟೆಯೊಳಗಿನ ಮಗುವಿನ ಮಿದುಳಿಗೆ ಮಾತ್ರ ವಿಷ.

"ಉಸಿರಾಡ್ಬೇಡ! ಹೊರಗೆ ಹೋಗು, ಹೋಗಮ್ಮಾ!"

ಓಡಿದೆ. ರಸ್ತೆಯ ಬದಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತೆ. ಅವರು ಕೂಗುವ ಮೊದಲೇ, ಬೆಚ್ಚಿಬಿದ್ದ ಗಳಿಗೆಯಲ್ಲೇ, ಬಾಯಿ ತೆರೆದು ಉಸಿರು ಎಳೆದುಕೊಂಡಾಗಿತ್ತು. ಎಷ್ಟು ಎಳೆದುಕೊಂಡೆ? ಇಂದಿಗೂ ಅದನ್ನೇ ಅಳೆಯುತ್ತಿರುತ್ತೇನೆ.

ದಾಸರಹಳ್ಳಿಯ ಡಾಕ್ಟರಮ್ಮ, "ಥರ್ಮಾಮೀಟರ್ ಒಡೆದ್ರೂ ಪಾದರಸಾನೇ ಕಣ್ರೀ. ಏನಾಗಲ್ಲ, ಹೆದರ್ಕೋಬೇಡಿ," ಎಂದರು. ಆಮೇಲೆ ಮಗು ಒದೆಯುತ್ತಿದೆಯೇ ಎಂದು ಎರಡು ಸಲ ಕೇಳಿದರು. ಮೊದಲ ಸಲ ಹೌದು ಎಂದಿದ್ದೆನಲ್ಲ, ಮತ್ತೇಕೆ ಕೇಳಿದರು? ಹೆರಿಗೆಯವರೆಗೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹೊಟ್ಟೆ ಸ್ವಲ್ಪ ಹೊತ್ತು ಅಲುಗದಿದ್ದರೆ ಸಾಕು, ಮಗು ಒದೆಯುವವರೆಗೂ ಅದರ ಮೇಲೆ ಕೈಯಿಟ್ಟು ಕೂತಿರುತ್ತಿದ್ದೆ.

ಮಗಳು ಹುಟ್ಟಿದಳು. ಅಳು ಜೋರಾಗಿತ್ತು. ಅವಳಿಗೆ ಮೂರು ತಿಂಗಳಾದಾಗ ಪ್ರೊಫೆಸರ್ ಮನೆಗೆ ಬಂದರು. ಯಾರ ಹೋಲಿಕೆ ಎಂದು ಕೇಳಲಿಲ್ಲ, ಎತ್ತಿಕೊಳ್ಳಲೂ ಇಲ್ಲ. ತೊಟ್ಟಿಲ ಮೇಲೆ ಬಗ್ಗಿ, ಮಗುವಿನ ಮುಖದ ಮುಂದೆ ತೋರುಬೆರಳನ್ನು ನಿಧಾನವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದರು. ಅವಳ ಕಣ್ಣುಗಳು ಬೆರಳಿನ ಹಿಂದೆಯೇ ಹೋದವು.

"ನೋಡ್ತಿದಾಳೆ ಸಾರ್," ಎಂದೆ.

"ಹೂಂ." ಅವರು ಬೆರಳನ್ನು ಮತ್ತೆ ಮೊದಲಿನ ಕಡೆಗೇ ತಂದರು. "ಇನ್ನೊಂದ್ಸಲ ನೋಡೋಣಮ್ಮಾ."