ಮಾತು ದಾಟಿಸುವವಳು

ಅಪ್ಪನಿಗೂ ಅಮ್ಮನಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಇಬ್ಬರ ಪಾಲಿನ ಮಾತನ್ನೂ ಹೊತ್ತು ಬಂದವಳಂತೆ ಮಗಳು ವರ್ಷ ತುಂಬುವ ಮೊದಲೇ ಬಾಯಿ ಬಿಟ್ಟಳು. ಅಜ್ಜಿ ಬಾಯಿಬಡುಕಿ ಎಂದು ಕರೆದಳು, ಆ ಹೆಸರು ಬೀದಿಯವರ ಬಾಯಿಗೆಲ್ಲ ಅಂಟಿಕೊಂಡಿತು. ಕೈಮಾತಿನವರು ಮಾತ್ರ ಬೇರೆ ಥರ ಕರೆಯುತ್ತಿದ್ದರು. ಅವರಲ್ಲಿ ಒಬ್ಬೊಬ್ಬರಿಗೂ ಒಂದು ಸನ್ನೆಯೇ ಹೆಸರು. ಮೂಗಿನ ಕೆಳಗೆ ಬೆರಳು ತಿರುವಿದರೆ ಮೀಸೆಮಾವ. ಕನ್ನಡಕವನ್ನು ಹಣೆಗೇರಿಸಿದಂತೆ ಮಾಡಿದರೆ ಡಾಕ್ಟರಮ್ಮ. ಗಲ್ಲಕ್ಕೆ ಎರಡು ಬೆರಳು ತಟ್ಟಿದರೆ ಇವಳು.

ಅಪ್ಪನೂ ಮೀಸೆಮಾವನೂ ಕುರ್ಚಿ ಮೇಜು ಮಾಡುವ ಕಾರ್ಖಾನೆಯಲ್ಲಿದ್ದರು. ಕಿವಿ ಕೇಳದವರು ಅಲ್ಲಿ ಏಳೆಂಟು ಜನ. ಯಂತ್ರಗಳ ಗದ್ದಲದಲ್ಲಿ ಮಿಕ್ಕವರು ಗಂಟಲು ಹರಿದುಕೊಳ್ಳುತ್ತಿದ್ದರೆ ಇವರು ಆರಾಮಾಗಿ ಹರಟೆ ಹೊಡೆಯುತ್ತಿದ್ದರು. ತೊಂದರೆಯಾಗುತ್ತಿದ್ದುದು ಹೊರಗೆ ಕಾಲಿಟ್ಟ ಮೇಲೆ, ಅದರಲ್ಲೂ ಆಸ್ಪತ್ರೆಯಲ್ಲಿ. ಹದಿನೈದು ತುಂಬಿದ ವರ್ಷ ಅವಳು ಬೀದಿಕೊನೆಯ ಆಸ್ಪತ್ರೆಗೆ ಹೋಗಿ ಕೇಳಿದಳು: "ಗುರುವಾರ ಸಂಜೆ ನಾನು ಬಂದು ಮಾತು ದಾಟಿಸ್ತೀನಿ, ಕಿವಿ ಕೇಳದವರಿಗೆಲ್ಲ ಅವತ್ತೇ ಚೀಟಿ ಕೊಡ್ತೀರಾ?"

ನರ್ಸು ಮೇಲಿಂದ ಕೆಳಗೆ ನೋಡಿದಳು. "ಪರೀಕ್ಷೆ ಗಿರೀಕ್ಷೆ ಇಲ್ವೇನೇ ನಿನಗೆ?"

"ಇದೆ. ಗುರುವಾರ ಇಲ್ಲ."

ಎರಡು ವರ್ಷ ಒಂದು ಗುರುವಾರವೂ ತಪ್ಪಲಿಲ್ಲ. ಅವಳೇ ಮಾಡಿಕೊಂಡ ನಿಯಮ ಒಂದಿತ್ತು. ಆಡುವವರ ಮಾತು ಆಡುವವರದ್ದು. ಅದಕ್ಕೆ ಸೇರಿಸುವುದಿಲ್ಲ, ಅದರಿಂದ ತೆಗೆಯುವುದಿಲ್ಲ. ತನ್ನದೇ ಏನಾದರೂ ಹೇಳಬೇಕಿದ್ದರೆ ಮೊದಲು ಗಲ್ಲಕ್ಕೆ ಬೆರಳು ತಟ್ಟುತ್ತಿದ್ದಳು.

ನಿಯಮ ಮುರಿದದ್ದು ಒಂದೇ ಸಲ. ಮೀಸೆಮಾವನಿಗೆ ಕೆಮ್ಮು ಹತ್ತಿತ್ತು. ಮರ ಉಜ್ಜಿ ನುಣುಪು ಮಾಡುವ ವಿಭಾಗಕ್ಕೆ ಅದೇ ವಾರ ಅವನನ್ನು ಮುಖ್ಯಸ್ಥನನ್ನಾಗಿ ಮಾಡಿದ್ದರು. ಇಪ್ಪತ್ತೆರಡು ವರ್ಷ ಕಾದ ಮೇಲೆ. ಆಸ್ಪತ್ರೆಗೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಬಂದಿದ್ದ. ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದು ಡಾಕ್ಟರಮ್ಮ ಹೇಳಿದರು: "ಆ ಧೂಳಿನ ಕೆಲಸ ಬಿಡಲೇಬೇಕು. ನಾಳೆಯಿಂದಲೇ."

ಅವಳು ಆ ಅಂಗಿ ನೋಡಿದಳು. ಅವಳ ಕೈ ಹೇಳಿತು: ಧೂಳು ಸ್ವಲ್ಪ ಕಡಿಮೆ ಮಾಡಿಕೊಳ್ಳಿ.

ಅವನು ಕಡಿಮೆ ಮಾಡಿಕೊಂಡ. ಮೂಗಿಗೊಂದು ಕರವಸ್ತ್ರ ಕಟ್ಟಿ ಮೊದಲಿನಷ್ಟೇ ಹೊತ್ತು ಯಂತ್ರದ ಮುಂದೆ ನಿಂತ.

ಎರಡು ತಿಂಗಳಿಗೆ ಮತ್ತೆ ಬಂದಾಗ, ಬಾಗಿಲಿನಿಂದ ಕುರ್ಚಿಗೆ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದುಕೊಂಡ. ಡಾಕ್ಟರಮ್ಮ ಕನ್ನಡಕ ಹಣೆಗೇರಿಸಿದರು. "ಅವತ್ತೇ ಬಿಡಿ ಅಂದಿದ್ನಲ್ಲ! ನನ್ನ ಮಾತಿಗೇನು ಬೆಲೆ ಇಲ್ವಾ? ಕೇಳು ಅವರನ್ನ."

ಫ್ಯಾನು ಕಟಕಟ ಎನ್ನುತ್ತಿತ್ತು. ಇನ್ನೊಮ್ಮೆ ಮೆತ್ತಗೆ ಮಾಡಿ ದಾಟಿಸಿಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಕೋಣೆಯಲ್ಲಿ ಎರಡು ಭಾಷೆಯೂ ಬಲ್ಲವಳು ಅವಳೊಬ್ಬಳೇ. ಅವಳು ಡಾಕ್ಟರಮ್ಮನ ಸಿಟ್ಟನ್ನು ಇದ್ದಹಾಗೇ ಕೈಗೆ ತಂದಳು. ಆಮೇಲೆ ಗಲ್ಲಕ್ಕೆ ಎರಡು ಬೆರಳು ತಟ್ಟಿದಳು. ಅವರು ಬಿಡಿ ಅಂದಿದ್ದರು, ಮಾವ. ಕಡಿಮೆ ಮಾಡಿ ಅಂದವಳು ನಾನು. ಅದನ್ನೇ ಬಾಯಲ್ಲೂ ಹೇಳಿದಳು, ಡಾಕ್ಟರಮ್ಮನಿಗೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಮೀಸೆಮಾವ ಅವಳ ಮುಖವನ್ನೇ ನೋಡುತ್ತ ಕೂತ. ಧೂಳಿನ ಕೆಲಸ ಕೂಡದೆಂದು ಡಾಕ್ಟರಮ್ಮ ಬರೆದುಕೊಟ್ಟ ಕಾಗದ ಮಡಚಿ ಜೇಬಿಗಿಟ್ಟು ಹೊರಟುಹೋದ.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದಳು. "ಇನ್ನು ನನ್ನನ್ನ ಯಾರು ಕರೀತಾರೆ?" ಎಂದು ಅವಳ ಕೈ ಕೇಳಿತು. ಅಪ್ಪ ಸಮಾಧಾನ ಮಾಡಲಿಲ್ಲ. "ಅದನ್ನ ಅವನು ಹೇಳಬೇಕು," ಎಂದ.

ಮೂರನೆಯ ದಿನ ಬೆಳಿಗ್ಗೆ ಮೀಸೆಮಾವ ಬಾಗಿಲಲ್ಲಿ ನಿಂತಿದ್ದ. "ಧಣಿ ಹತ್ತಿರ ಹೋಗಬೇಕು, ನಡಿ. ಈ ಸಲ ಒಂದಕ್ಷರ ಬಿಡಬೇಡ. ನನ್ನ ಬೈಗುಳ ಕೂಡ."

ಕಾರ್ಖಾನೆಯ ಧಣಿಯ ಕೋಣೆಯಲ್ಲಿ ಅವನ ಕೈಗಳು ಬೀಸಾಡಿದವು. ಧೂಳು ಎಳೆದುಕೊಳ್ಳುವ ಯಂತ್ರ ಕೆಟ್ಟು ವರ್ಷವಾಯಿತು, ಕಣ್ಣು ಎಲ್ಲಿಟ್ಟುಕೊಂಡಿದ್ದೀರಿ ಎಂದವು. ಕೆಲಸ ಬದಲಿಸಿ, ನನ್ನ ಸ್ಥಾನ ಇಳಿಸಬೇಡಿ ಎಂದವು. ನಡುವೆ ಒಂದೆರಡು ಒರಟು ಮಾತೂ ಇದ್ದವು. ಅವನ್ನೂ ಅವಳು ನೆಟ್ಟಗೆ ನಿಂತು, ಧಣಿಯ ಕಣ್ಣು ನೋಡಿಕೊಂಡೇ ಹೇಳಿದಳು.

ಧಣಿಯ ಮುಖ ಕೆಂಪಾಯಿತು. "ಇದನ್ನೆಲ್ಲ ಅವನು ಹೇಳ್ತಿದ್ದಾನೋ, ನೀನು ಹೇಳ್ತಿದ್ದೀಯೋ?"

"ಅವರೇ. ನಾನಾಗಿದ್ರೆ ಇನ್ನೊಂಚೂರು ಮರ್ಯಾದೆಯಿಂದ ಹೇಳ್ತಿದ್ದೆ, ಸರ್."

ಮೂಲೆಯಲ್ಲಿದ್ದ ಗುಮಾಸ್ತ ಕೆಮ್ಮಿದಂತೆ ಮಾಡಿ ನಕ್ಕ. ಧಣಿ ಡಾಕ್ಟರಮ್ಮನ ಕಾಗದವನ್ನು ಎರಡು ಸಲ ಓದಿದ. ಮುಂದಿನ ವಾರ ಮೀಸೆಮಾವನನ್ನು ಕುರ್ಚಿಯ ಕಾಲು ಜೋಡಿಸುವ ಹೊರಗಿನ ಚಪ್ಪರಕ್ಕೆ ಹಾಕಿದರು, ಮುಖ್ಯಸ್ಥನಾಗಿಯೇ. ಧೂಳಿನ ಯಂತ್ರಕ್ಕೆ ಹೊಸ ಮೋಟರು ಬರಲು ಇನ್ನೂ ತಿಂಗಳು ಹಿಡಿಯಿತು, ಅದಕ್ಕಾಗಿ ಅವಳು ಇನ್ನೂ ಎರಡು ಸಲ ಆ ಕೋಣೆಗೆ ಹೋಗಬೇಕಾಯಿತು.

ಧಣಿಯನ್ನು ಮೊದಲ ಸಲ ಕಂಡು ಬಂದ ಮೇಲಿನ ಗುರುವಾರ, ಆಸ್ಪತ್ರೆಯ ಬೆಂಚಿನ ಮೇಲೆ ಯಾರೂ ಇರಲಿಕ್ಕಿಲ್ಲ ಎಂದುಕೊಂಡೇ ಅವಳು ಹೋದಳು. ಮೀಸೆಮಾವ ಮೊದಲೇ ಬಂದಿದ್ದ. ಜೊತೆಗೆ, ಇಷ್ಟು ವರ್ಷ ಆಸ್ಪತ್ರೆಯೆಂದರೆ ಹೆದರಿ ಮನೆಯಲ್ಲೇ ಉಳಿದಿದ್ದ ಇಬ್ಬರು ಹೆಂಗಸರು. ಅವನು ಅವರನ್ನು ಮುಂದಕ್ಕೆ ತಳ್ಳಿ, ಗಲ್ಲಕ್ಕೆ ಎರಡು ಬೆರಳು ತಟ್ಟಿ ಅವಳನ್ನು ತೋರಿಸಿದ.

"ಇವಳು ಏನನ್ನೂ ಮುಚ್ಚಿಡಲ್ಲ," ಎಂದಿತು ಅವನ ಕೈ. "ಮೊದಲು ಗಟ್ಟಿಯಾಗಿ ಕೂತ್ಕೊಳ್ಳಿ. ಆಮೇಲೆ ಕೇಳಿ."