ಅತ್ತೆಯ ಜಪಮಣಿ ಮತ್ತು ಮೀಟರಿನ ಕೆಂಪು ಗೆರೆ

ಹರಪನಹಳ್ಳಿಯ ಬಸ್ ನಿಲ್ದಾಣದ ಹಿಂದೆ, ಬೀಜ-ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ನಾವು ಮೂವರು ಇದ್ದೆವು. ಮೆಕ್ಕೆಜೋಳದ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು, ಹತ್ತಿರದ ಬಾಗಳಿ ಹಳ್ಳಿಯ ಮನೆ ಬಿಟ್ಟು ನಮ್ಮ ಜೊತೆ ಇರಲು ಬಂದಿದ್ದ ಅವರ ತಾಯಿ, ಮತ್ತು ನಾನು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಮಾಡಿದ ಘನಕಾರ್ಯಕ್ಕೂ ಈ ಉದ್ಯೋಗಕ್ಕೂ ನಾಚಿಕೆಯ ಸಂಬಂಧವಿದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಚಳಿಗಾಲದಲ್ಲಿ, ನನ್ನ ಸ್ವಂತ ಸಂಬಳದಿಂದ ಒಂದು ಹಳೆಯ ಫ್ರಿಜ್ ತಂದೆ. ಚಳಿಗಾಲದಲ್ಲಿ ಯಾರಾದರೂ ಫ್ರಿಜ್ ತರುತ್ತಾರೆಯೇ ಎಂದು ಬೀದಿಯವರೆಲ್ಲ ನಕ್ಕರು. ನನಗೆ ತಣ್ಣೀರು ಬೇಕಿರಲಿಲ್ಲ, ನಿದ್ದೆ ಬೇಕಿತ್ತು. ರಾತ್ರಿಯೇ ಕಾಯಿಪಲ್ಯ ಹೆಚ್ಚಿಟ್ಟು, ಹಿಟ್ಟು ನಾದಿಟ್ಟರೆ ಬೆಳಿಗ್ಗೆ ಅರ್ಧ ತಾಸು ಹೆಚ್ಚು ಮಲಗಬಹುದು. ಮದುವೆಯಾದಾಗಿನಿಂದ ಆ ಅರ್ಧ ತಾಸಿಗಾಗಿ ನಾನು ಹಂಬಲಿಸಿದ್ದೆ. ಫ್ರಿಜ್ ಮಾರಿದ ಸಾಬರು ತಾವೇ ಮೆಕ್ಯಾನಿಕ್ ಕೂಡ ಆಗಿದ್ದರಿಂದ, ಅದನ್ನು ಮೇಲೆ ಹತ್ತಿಸಿ, ಗೋಡೆಗೆ ಒತ್ತಿ ನಿಲ್ಲಿಸಿ, ಅದರ ಗುಣವನ್ನೂ ಹೇಳಿಕೊಟ್ಟರು.

"ತಣ್ಣಗಾದಮ್ಯಾಲೆ ತಾನೇ ಬಂದ್ ಆಗ್ತೈತಿ ಟೀಚರಮ್ಮ, ಬಿಸಿ ಆದ್ರ ಮತ್ತ ತಾನೇ ಏಳ್ತೈತಿ. ಒಳಗ ಗುಂಡಿ ಐತಲ್ಲ, ಒಂದರಿಂದ ಏಳರ ತನಕ. ಅದನ್ನ ತಿರುವಿದಂಗ ಕೇಳ್ತೈತಿ."

ಮುಂದಿನ ತಿಂಗಳ ಕರೆಂಟ್ ಬಿಲ್ ನೋಡಿ ಯಜಮಾನರು ಊಟದ ತಟ್ಟೆಯ ಮುಂದೆಯೇ ಶುರು ಮಾಡಿದರು. "ಫ್ಯಾನ್ ಹಾಕಂಗಿಲ್ಲ, ಏನಿಲ್ಲ. ಆದ್ರೂ ಬಿಲ್ ಡಬಲ್ ಆಗೇತಿ. ಇನ್ನೊಂದು ತಿಂಗಳು ನೋಡ್ತೀನಿ. ಇಳೀಲಿಲ್ಲಾಂದ್ರ ನಿನ್ನ ಫ್ರಿಜ್ ಕೊಟ್ಟವರ ಮನಿಗೇ ವಾಪಸ್."

ನನಗೆ ಸಿಟ್ಟು ನೆತ್ತಿಗೇರಿತು. ಆ ತಿಂಗಳು ಮನೆಯಲ್ಲಿ ಹೊಸದಾಗಿ ಶುರುವಾದದ್ದು ಫ್ರಿಜ್ ಒಂದೇ ಅಲ್ಲ. ಚಳಿ ಬಿದ್ದ ಮೇಲೆ ಅತ್ತೆ ನಸುಕಿನಲ್ಲಿ ಎದ್ದು ಬಕೆಟ್ಟಿಗೆ ನೀರು ಕಾಯಿಸುವ ಕಾಯಿಲ್ ಇಳಿಬಿಡುತ್ತಿದ್ದರು. ಸ್ನಾನವಾಗದೆ ಲಿಂಗಪೂಜೆ ಇಲ್ಲ, ಪೂಜೆಯಾಗದೆ ಅವರ ಬಾಯಿಗೆ ನೀರಿಲ್ಲ. ಆದರೆ ಅತ್ತೆಯ ಸ್ನಾನದ ನೀರಿನ ಮೇಲೆ ಯಾವ ಸೊಸೆ ಬೆರಳು ತೋರಿಸುತ್ತಾಳೆ? "ಬರೇ ಫ್ರಿಜ್ಜಾ ಉಣ್ತೈತೇನು ಕರೆಂಟು? ನಿಮ್ಮ ಇಸ್ತ್ರಿ ಪೆಟ್ಟಿಗಿ ಏನು ಉಪವಾಸ ಇರತೈತಾ?" ಎಂದು ಯಜಮಾನರ ಮೇಲೆಯೇ ಹರಿಹಾಯ್ದೆ.

ಅತ್ತೆ ನಡುವೆ ಬಂದರು. "ಜಗಳ ಯಾಕ? ಯಾರು ಎಷ್ಟು ಉಣ್ತಾರ ಅಂತ ಎಣಿಸಿದ್ರ ಆತು."

ನಮ್ಮ ಮೀಟರ್ ಮೆಟ್ಟಿಲ ತುದಿಯಲ್ಲಿ, ಬಾಗಿಲ ಪಕ್ಕದಲ್ಲೇ ಇತ್ತು. ಗಾಜಿನೊಳಗೆ ಒಂದು ತಗಡಿನ ಬಿಲ್ಲೆ ಅಡ್ಡಡ್ಡ ತಿರುಗುತ್ತದೆ, ಅದರ ಅಂಚಿನ ಕೆಂಪು ಗೆರೆ ಒಮ್ಮೆ ಮುಂದೆ ಬಂದರೆ ಒಂದು ಸುತ್ತು, ಆರುನೂರು ಸುತ್ತಾದರೆ ಒಂದು ಯೂನಿಟ್ ಎಂದು ನಾನೇ ಹೇಳಿಕೊಟ್ಟೆ. ಮೇಷ್ಟರಗಿತ್ತಿಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ. ಅತ್ತೆ ಕೂಡಲೇ ತಮ್ಮದೇ ವಿಧಾನ ಹುಡುಕಿದರು. ಮನೆಯಲ್ಲಿ ಮಿಕ್ಕಿದ್ದೆಲ್ಲ ಆರಿಸಿ, ಒಂದನ್ನು ಮಾತ್ರ ಹಚ್ಚುವುದು. ಒಂದು ಊದಿನಕಡ್ಡಿ ಉರಿದು ಮುಗಿಯುವ ತನಕ ಕೆಂಪು ಗೆರೆ ಬಂದಾಗಲೊಮ್ಮೆ ಜಪಮಣಿಯ ಒಂದು ರುದ್ರಾಕ್ಷಿ ಸರಿಸುವುದು. ಒಂದು ಸರಕ್ಕೆ ನೂರೆಂಟು. ನಾನು ಒಂಬತ್ತನೆಯ ತರಗತಿಗೆ ಮೂರು ಪಿರಿಯಡ್ ಹಿಡಿದು ಹೇಳುತ್ತಿದ್ದದ್ದನ್ನು ಅವರು ಊದಿನಕಡ್ಡಿ ಹಚ್ಚುವಷ್ಟರಲ್ಲಿ ಮುಗಿಸಿದ್ದರು.

ಶನಿವಾರ ಸಂಜೆ ಬಲ್ಬು, ಟಿವಿ, ಇಸ್ತ್ರಿ ಪೆಟ್ಟಿಗೆಯ ಎಣಿಕೆಯಾಯಿತು. ಇಸ್ತ್ರಿ ಪೆಟ್ಟಿಗೆ ಜೋರಾಗಿ ಉಂಡಿತಾದರೂ ವಾರಕ್ಕೊಮ್ಮೆ ಉಣ್ಣುವವನ ಮೇಲೆ ಯಾರು ತಪ್ಪು ಹೊರಿಸುತ್ತಾರೆ? ಭಾನುವಾರ ಬೆಳಿಗ್ಗೆ ಫ್ರಿಜ್ಜಿನ ಸರದಿ. ಅದು ಒಂದು ಊದಿನಕಡ್ಡಿಗೆ ಎಷ್ಟು ಸುತ್ತು ತಿರುಗಿಸುತ್ತದೆ, ಹಗಲು ರಾತ್ರಿ ಸೇರಿದರೆ ಎಷ್ಟಾಗುತ್ತದೆ ಎಂದು ನಾನು ಆಗಲೇ ಗುಟ್ಟಾಗಿ ಅಂದಾಜು ಮಾಡಿ ಬೆವತಿದ್ದೆ. ನನ್ನ ಅರ್ಧ ತಾಸು ನಿದ್ದೆ ಮೆಟ್ಟಿಲಿಳಿದು ಹೋಗುವುದು ಕಣ್ಣಿಗೆ ಕಾಣುತ್ತಿತ್ತು.

ಅಂದು ನಾನು ನಸುಕಿನಲ್ಲೇ ಎದ್ದು ಫ್ರಿಜ್ಜಿನ ಗುಂಡಿಯನ್ನು ಏಳಕ್ಕೆ ತಿರುವಿದೆ. ಒಳಗೆಲ್ಲ ಮಂಜುಗಡ್ಡೆಯಾಗುವಂತೆ ಬಿಟ್ಟು, ಅತ್ತೆ ಪೂಜೆ ಮುಗಿಸಿ ಮಣಿ ಹಿಡಿದು ಮೀಟರಿನತ್ತ ಹೊರಟ ಕೂಡಲೇ ಒಂದಕ್ಕೆ ಇಳಿಸಿದೆ. ಫ್ರಿಜ್ ಗಪ್ಪೆಂದಿತು. ಊದಿನಕಡ್ಡಿ ಉರಿಯಿತು, ಬೂದಿ ಉದುರಿತು. ಕೆಂಪು ಗೆರೆ ಇದ್ದಲ್ಲೇ ಇತ್ತು. ಎಲ್ಲಿ ಗುರ್ರೆಂದು ಏಳುತ್ತದೋ ಎಂದು ನಾನು ಫ್ರಿಜ್ಜಿನತ್ತಲೇ ಕಿವಿ ಇಟ್ಟಿದ್ದೆ.

"ಪಾಪ, ಇದು ಏನೂ ಉಣ್ಣಂಗಿಲ್ಲ" ಎಂದು ಅತ್ತೆ ಅದರ ಬಾಗಿಲು ಸವರಿದರು.

ಆಮೇಲೆ ಅವರು ತಾವಾಗಿಯೇ ಕಾಯಿಲ್ ತಂದು ಬಕೆಟ್ಟಿಗೆ ಇಳಿಬಿಟ್ಟರು. ಬಿಲ್ಲೆ ಬುಗುರಿಯ ಹಾಗೆ ತಿರುಗಿತು. ಊದಿನಕಡ್ಡಿ ಮುಗಿಯುವಷ್ಟರಲ್ಲಿ ಮೂರು ಸರ ಮುಗಿಯಲು ಕೆಲವೇ ಮಣಿ ಬಾಕಿ. ಅತ್ತೆ ಮಣಿಯನ್ನು ಕಣ್ಣಿಗೊತ್ತಿಕೊಂಡು ಮಗನನ್ನು ಕರೆದು, "ಕಳ್ಳ ನನ್ನ ಬಕೆಟ್ನಾಗ ಅದಾನ. ಸುಮ್ನ ಆಕಿಗೆ ಬೈದಿ ನೀನು" ಎಂದರು. ಕಾಯಿಲನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಸಜ್ಜದ ಮೇಲಿಟ್ಟರು. ನಾನು ಗೆದ್ದಿದ್ದೆ.

ಗೆದ್ದ ಸಂಭ್ರಮ ಮರುದಿನ ನಸುಕಿನ ತನಕ ಉಳಿಯಿತು. ಬಚ್ಚಲಿನಿಂದ "ಶಿವ ಶಿವ, ಶಿವ ಶಿವ" ಎಂದು ನಡುಗುವ ದನಿ ಕೇಳಿ ಎಚ್ಚರವಾಯಿತು. ಅತ್ತೆ ತಣ್ಣೀರು ಸುರುವಿಕೊಳ್ಳುತ್ತಿದ್ದರು. ಗ್ಯಾಸಿನ ಮೇಲೆ ಕಾಯಿಸಿಕೊಡುತ್ತೇನೆ ಎಂದರೆ, "ಗ್ಯಾಸ್ ಏನು ಪುಗಸಟ್ಟೆ ಬರತೈತಾ?" ಎಂದರು. ಯಾವ ಅರ್ಧ ತಾಸಿಗಾಗಿ ಇಷ್ಟೆಲ್ಲ ಮಾಡಿದೆನೋ ಆ ಅರ್ಧ ತಾಸು ದಿನವೂ ಕಣ್ಣು ಬಿಟ್ಟುಕೊಂಡು ಆ ಶಿವ ಶಿವ ಕೇಳುತ್ತ ಬಿದ್ದಿರುತ್ತಿದ್ದೆ.

ನಾಲ್ಕನೆಯ ದಿನ ಅತ್ತೆ ಪೂಜೆಗೆ ಕೂತು ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಬೆರಳು ನಡುಗಿ ಹಣೆಯ ಮೂರು ಗೆರೆಗಳು ಸೊಟ್ಟಗೆ ಬಂದವು. ಒರೆಸಿ ಮತ್ತೆ ಎಳೆದರು, ಮತ್ತೆ ಸೊಟ್ಟ. ನನಗೆ ತಡೆಯಲಾಗಲಿಲ್ಲ. ಅವರ ಪಕ್ಕದಲ್ಲಿ ಕುಕ್ಕರಿಸಿ ಗುಂಡಿಯ ಕಥೆಯನ್ನೆಲ್ಲ ಒದರಿಬಿಟ್ಟೆ. ಮಕ್ಕಳು ಪ್ರಯೋಗದಲ್ಲಿ ಸುಳ್ಳು ಅಂಕಿ ಬರೆದರೆ ಕಿವಿ ಹಿಂಡುತ್ತಿದ್ದವಳು ನಾನು.

ಅತ್ತೆ ವಿಭೂತಿಯನ್ನು ಕೆಳಗಿಟ್ಟು ಜಪಮಣಿಯತ್ತ ನೋಡಿದರು. ಆಮೇಲೆ, "ತಣ್ಣೀರು ಹೋಗ್ಲಿ ಬಿಡು. ಮಣಿ ಕೈಯಾಗ ಹಿಡಕೊಂಡು ಸುಳ್ಳು ಎಣಿಸಿದಂಗಾತಲ್ಲವಾ" ಎಂದರು. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿ ಆಡಿ ಹಗುರಾಗುತ್ತಿದ್ದೆನೋ ಏನೋ. ಈ ಮಾತಿಗೆ ಅಳುವುದೊಂದೇ ಉಳಿದಿತ್ತು.

ಮರುದಿನದಿಂದ ನಾನೇ ಗ್ಯಾಸಿನ ಮೇಲೆ ನೀರು ಕಾಯಿಸಿಕೊಟ್ಟೆ, ಅತ್ತೆ ಬೇಡವೆನ್ನಲಿಲ್ಲ. ಮುಂದಿನ ಭಾನುವಾರ ಮರುಎಣಿಕೆ. ಯಜಮಾನರು ಕೊಟ್ಟೂರಿನ ಕಡೆ ಮದುವೆಗೆ ಹೋಗಿದ್ದರು. ಈ ಸಲ ಒಂದು ಊದಿನಕಡ್ಡಿಯ ಮಾತಿಲ್ಲ, ಪೂಜೆಯಿಂದ ದೀಪ ಹಚ್ಚುವ ತನಕ ಇಡೀ ಹಗಲು. ಒಂದು ಸರ ಮುಗಿದರೆ ತಟ್ಟೆಯಲ್ಲಿ ಒಂದು ಮೆಕ್ಕೆಜೋಳದ ಕಾಳು. ಅತ್ತೆ ಮಣಿಯನ್ನು ನನ್ನ ಕೈಗೆ ಕೊಡಲೇ ಇಲ್ಲ. ಅವರು ಊಟಕ್ಕೆ ಕೂತಾಗ ನಾನು ಮೀಟರಿನ ಮುಂದೆ ನಿಂತು "ಬಂತು" ಎಂದು ಕೂಗುವುದು, ಅವರು ಬಲಗೈಯಲ್ಲಿ ರೊಟ್ಟಿ ಮುರಿಯುತ್ತ ಎಡಗೈಯಲ್ಲಿ ಮಣಿ ಸರಿಸುವುದು. ಸಂಜೆಗೆ ತಟ್ಟೆಯಲ್ಲಿ ಎಂಟು ಕಾಳು ಬಿದ್ದಿದ್ದವು. ಇನ್ನೂ ರಾತ್ರಿ ಬಾಕಿ ಇತ್ತು. ಕಾಯಿಲಿಗೆ ದಿನಕ್ಕೆ ಮೂರು ಕಾಳೂ ತುಂಬುತ್ತಿರಲಿಲ್ಲ.

"ವಾಪಸ್ ಕೊಟ್ಟುಬಿಡೋಣ ಅತ್ತಿ" ಎಂದೆ.

ಅತ್ತೆ ಕೇಳಿಸಿಕೊಳ್ಳಲಿಲ್ಲ. ಹಿಂದಿನ ಸುಳ್ಳಿನ ಮೈಲಿಗೆ ಕಳೆಯಲೆಂದು ಅವರು ಬೆಳಿಗ್ಗೆಯಿಂದ ಫ್ರಿಜ್ಜಿನ ಮುಂದೆ ಊದಿನಕಡ್ಡಿ ಹಚ್ಚುತ್ತಲೇ ಇದ್ದರು. ಈಗ ಅದರ ಹೊಗೆಯನ್ನೇ ದಿಟ್ಟಿಸುತ್ತಿದ್ದರು. "ಇಲ್ಲಿ ಬಾರವಾ. ಹೊಗಿ ಮ್ಯಾಲಕ ಹೋಗಬೇಕೋ ಬ್ಯಾಡೋ?" ಕಡ್ಡಿಯನ್ನು ಬಾಗಿಲ ಅಂಚಿನುದ್ದಕ್ಕೂ ಹಿಡಿದು ತೋರಿಸಿದರು. ಎಲ್ಲ ಕಡೆ ಹೊಗೆ ನೆಟ್ಟಗೆ ಏರುತ್ತಿತ್ತು. ಕೆಳಗಿನ ಮೂಲೆಯಲ್ಲಿ ಮಾತ್ರ ಯಾರೋ ಊದಿದ ಹಾಗೆ ಅಡ್ಡಕ್ಕೆ ಬಾಗುತ್ತಿತ್ತು. ಬಾಗಿಲ ರಬ್ಬರ್ ಸೀಳಿ, ಒಳಗಿನ ತಂಪೆಲ್ಲ ಅಲ್ಲಿಂದ ಹೊರಗೆ ಸೋರುತ್ತಿತ್ತು. ಫ್ರಿಜ್ಜಿಗೆ ವಿಶ್ರಾಂತಿಯೇ ಇರಲಿಲ್ಲ. ವಿಜ್ಞಾನದ ಟೀಚರ್ ಪಿಳಿಪಿಳಿ ನೋಡುತ್ತ ನಿಂತಳು.

ಮರುದಿನ ಸಾಬರು ಅತ್ತೆಯ ಬೈಗುಳ ಕೇಳುತ್ತಲೇ ಹೊಸ ರಬ್ಬರ್ ಕೂರಿಸಿದರು. "ಗ್ವಾಡಿಗೆ ಒತ್ತಿ ಇಟ್ಟಿದ್ದೂ ನನ್ನದೇ ತಪ್ಪು ಅಮ್ಮಾರ, ಹಿಂದಿನ ಬಿಸಿ ಹೋಗಾಕ ಜಾಗ ಇರಲಿಲ್ಲ" ಎಂದು ಗೇಣುದ್ದ ಮುಂದಕ್ಕೆ ಎಳೆದರು. ಗುಂಡಿ ಎರಡಕ್ಕೆ ನಿಂತಿತು, ಬಿಸಿ ಸಾರು ಆರುವ ತನಕ ಒಳಗಿಡಬಾರದೆಂದು ತೀರ್ಮಾನವಾಯಿತು. ಮತ್ತೆ ಎಣಿಸಿದಾಗ ಇಡೀ ಹಗಲಿಗೆ ನಾಲ್ಕೇ ಕಾಳು. ಮುಂದಿನ ಬಿಲ್ ನೋಡಿ ಯಜಮಾನರು ಮಾತಾಡದೆ ಮಡಚಿ ಜೇಬಿಗಿಟ್ಟರು. ಅವರ ಮಟ್ಟಿಗೆ ಅದು ಹೊಗಳಿಕೆ.

ಆದರೆ ನನ್ನ ವಿಚಾರಣೆ ಮುಗಿದಿರಲಿಲ್ಲ. ಸಾಬರು ಹೋದ ಸಂಜೆಯೇ ಅತ್ತೆ ಹೇಳಿದ್ದರು. "ಕಾಯಿಲ್ ಕೆಳಗ ಇಳಸು. ನನಗ ಬಿಸಿನೀರು. ನಾಕು ದಿನ ನಾ ನಡುಗೀನಿ, ನಾಕು ದಿನ ನೀ ನಡುಗು. ದಿನಾ ಹನ್ನೊಂದು ತಂಬಿಗಿ."

ಮೂರು ದಿನ ನಡುಗಿದೆ. ನಾನು ಒಂದೊಂದು ತಂಬಿಗೆ ಸುರುವಿಕೊಂಡು ಚೀರಿದಾಗಲೂ ಬಚ್ಚಲ ಬಾಗಿಲಾಚೆ ಅತ್ತೆ ಮಣಿ ಸರಿಸುತ್ತ "ಒಂದು", "ಎರಡು" ಎಂದು ಎಣಿಸುತ್ತಿದ್ದರು. ಯಜಮಾನರು ಕೇಳಿದರೆ, "ಆಕೀದು ಹರಕಿ ಐತಿ" ಎಂದು ಬಾಯಿ ಮುಚ್ಚಿಸಿದರು.

ನಾಲ್ಕನೆಯ ದಿನ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಮೊದಲ ತಂಬಿಗೆ ಸುರುವಿಕೊಂಡೆ. ನೀರು ಬೆಚ್ಚಗಿತ್ತು. ಹೊರಗೆ ಅತ್ತೆಯ ದನಿ ಎಂದಿನಷ್ಟೇ ಬಿಗಿಯಾಗಿ "ಒಂದು" ಎಂದಿತು. ಬಿಸಿನೀರು ಮೈಮೇಲೆ ಇಳಿಯುತ್ತಿದ್ದಂತೆ ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಯಜಮಾನರಿಗೆ ಕೇಳಲೆಂದು "ಶಿವ ಶಿವ" ಎಂದು ಗದಗದ ನಡುಗುವವಳ ಹಾಗೆ ಕೂಗಿದೆ. "ಎರಡು" ಎಂದರು ಅತ್ತೆ.

ಹನ್ನೊಂದೂ ಮುಗಿಸಿ, ಸೀರೆ ಸುತ್ತಿಕೊಂಡು ಬಾಗಿಲು ತೆರೆದೆ. ಅತ್ತೆ ಬೆರಳ ಗಿಣ್ಣುಗಳ ಮೇಲೆ ಎಣಿಸುತ್ತ ನಿಂತಿದ್ದರು. ಜಪಮಣಿ ದೇವರ ಮೂಲೆಯ ಗೂಟದಲ್ಲೇ ಇತ್ತು.